ನಾಡಿ ತೋರಿಸಿದ ಸ್ನಾಯು

ನಿಶ್ಚಯದ ದಿನ, ಸಕ್ಕರೆ ಹಂಚುವುದಕ್ಕೆ ಮೊದಲು, ಕಸ್ತೂರಿ ಟೀಚರು ಎಲ್ಲರೆದುರು ಬಲಗೈ ಚಾಚಿ, ಸೊಸೆಯಾಗಲಿದ್ದ ಹುಡುಗಿಯಿಂದ ಒಂದು ಭಾಷೆ ಕೇಳಿದ್ದರು.

“ನೀ ಮಾಲಗಣ್ಣ ನೆಟ್ಟಗ ಮಾಡೋ ಡಾಕ್ಟರಂತ. ನಾ ಮಾಲಗಣ್ಣಾಕಿ. ಮಂದಿ ಆಗ್ಲೇ ಅಡಗಿಮನ್ಯಾಗ ಬಾಯಿಗೆ ಸೆರಗ ಹಿಡಕೊಂಡು ನಗಾಕತ್ತಾರ. ನನ್ನ ಕಣ್ಣಿಗೆ ನಿನ್ನ ಕೈ ಎಂದೂ ಹಚ್ಚೂದಿಲ್ಲಂತ ಭಾಷೆ ಕೊಡು. ಆಮ್ಯಾಲೆ ಸಕ್ಕರಿ.”

ಮಧುವಂತಿ ಅವರ ಅಂಗೈ ಮೇಲೆ ತನ್ನ ಅಂಗೈ ಇಟ್ಟು, “ಹಚ್ಚೂದಿಲ್ರಿ” ಅಂದಳು. ಅಂಗೈ ಒರಟಾಗಿತ್ತು. ವರ್ಷಗಟ್ಟಲೆ ಕಬಡ್ಡಿ ಆಡಿದ, ಆಮೇಲೆ ಆಡಿಸಿದ ಕೈ ಅದು. ಟೀಚರು ಆ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟು, “ಹಂಚ್ರಿ ಇನ್ನ” ಎಂದು ಕೂಗಿದರು.

ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಸ್ತೂರಿ ಪಿ.ಟಿ. ಟೀಚರು. ಅವರ ಬಲಗಣ್ಣು ಮೂಗಿನ ಕಡೆ ವಾಲಿತ್ತು. ದೃಷ್ಟಿಗೇನೂ ಕೊರತೆಯಿರಲಿಲ್ಲ, ಬೇಕೆಂದರೆ ಬಲಗಣ್ಣಿನಿಂದ ನೋಡಿ ಎಡಗಣ್ಣನ್ನು ವಾಲಿಸುತ್ತಿದ್ದರು. ಎರಡೂ ಕಣ್ಣು ಸರದಿ ಹಾಕಿಕೊಂಡಂತೆ ದುಡಿಯುತ್ತಿದ್ದವು, ಜೊತೆಯಾಗಿ ಮಾತ್ರ ಎಂದೂ ನೋಡುತ್ತಿರಲಿಲ್ಲ. ಅದರಿಂದ ಅವರಿಗೆ ನಷ್ಟವೇನೂ ಆಗಿರಲಿಲ್ಲ. ಸಾಲಾಗಿ ನಿಂತ ಹುಡುಗಿಯರಲ್ಲಿ ಟೀಚರು ಯಾರನ್ನು ದಿಟ್ಟಿಸುತ್ತಿದ್ದಾರೆಂದು ಯಾರಿಗೂ ತಿಳಿಯದೆ ಇಡೀ ಸಾಲೇ ನೆಟ್ಟಗೆ ನಿಲ್ಲುತ್ತಿತ್ತು. ಕಬಡ್ಡಿ ಪಂದ್ಯಗಳಲ್ಲಿ ರೆಫ್ರಿಯಾಗಿ ನಿಂತರೆ ಎರಡೂ ಪಾಳೆಯದವರು ತಮ್ಮನ್ನೇ ನೋಡುತ್ತಿದ್ದಾರೆಂದು ಮೋಸ ಮಾಡಲು ಅಂಜುತ್ತಿದ್ದರು. ಮಾಲಗಣ್ಣು ಅದೃಷ್ಟ ಅನ್ನುವ ಊರಿನ ನಂಬಿಕೆ ಅವರ ಮಟ್ಟಿಗೆ ನಂಬಿಕೆಯಾಗಿ ಉಳಿದಿರಲಿಲ್ಲ, ಅನುಭವವೇ ಆಗಿತ್ತು.

ಆ ಅದೃಷ್ಟಕ್ಕೆ ಕಲ್ಲು ಹಾಕಿದ್ದು ಕಣ್ಣ ಕೀಲಿ.

ಕಣ್ಣ ಕೀಲಿ ಬಂದದ್ದು ತೀರ ಸಹಜವಾಗಿಯೇ. ಮುಖ ನೋಡಿ ತೆರೆಯುತ್ತಿದ್ದ ಹಳೆಯ ಬೀಗಗಳನ್ನು ಯಂತ್ರಗಳು ಸುಳ್ಳು ಮುಖ ಮಾಡಿ ತೋರಿಸಿ ಮೋಸಗೊಳಿಸತೊಡಗಿದ್ದವು. ದನಿಯನ್ನೂ ಬೆರಳಿನ ಗುರುತನ್ನೂ ನಕಲು ಮಾಡುವುದು ಮಕ್ಕಳಾಟವಾಗಿತ್ತು. ಆಗ ಯಾರೋ ಒಂದು ಯುಕ್ತಿ ಕಂಡುಹಿಡಿದರು. ಬಾಗಿಲ ಮೇಲಿನ ಗಾಜಿನಲ್ಲಿ ಒಂದು ಹಸಿರು ಚುಕ್ಕೆ ಹೊರಳಾಡುತ್ತದೆ. ಜೀವಂತ ಮನುಷ್ಯನ ಎರಡು ಕಣ್ಣುಗಳು ಜೋಡಿಯಾಗಿ ಅದರ ಬೆನ್ನು ಹತ್ತಬೇಕು. ಚುಕ್ಕೆ ಹತ್ತಿರ ಬಂದರೆ ಎರಡೂ ಗುಡ್ಡೆ ಮೂಗಿನತ್ತ ಕೂಡಬೇಕು, ದೂರ ಸರಿದರೆ ಅಗಲಬೇಕು. ಕಣ್ಣಿನ ಮೇಲೆ ಬಿದ್ದ ಬೆಳಕಿನ ಮಿಣುಕನ್ನು ಅಳೆದು ಗಾಜು ಅದನ್ನು ಗುರುತು ಹಿಡಿಯುತ್ತದೆ. ಒಬ್ಬೊಬ್ಬರ ಕಣ್ಣಿನ ಜೋಡಿ ನಡೆಗೂ ಅದರದೇ ಒಂದು ಲಯ. ಅದನ್ನು ನಕಲು ಮಾಡುವುದು ಯಾವ ಯಂತ್ರಕ್ಕೂ ಸಾಧ್ಯವಾಗಲಿಲ್ಲ. ಒಂದೆರಡು ವರ್ಷದಲ್ಲಿ ಅಪಾರ್ಟ್‌ಮೆಂಟಿನ ಗೇಟು, ಬಸ್ಸು, ಔಷಧದಂಗಡಿಯ ಕಪಾಟು, ಶಾಲೆಯ ಮೈದಾನ ಎಲ್ಲವೂ ಎರಡು ಕಣ್ಣಿಗೆ ಮಾತ್ರ ತೆರೆಯತೊಡಗಿದವು.

ಒಂದೇ ಕಣ್ಣಿದ್ದವರಿಗೂ ಕುರುಡರಿಗೂ ಬೇರೆ ವ್ಯವಸ್ಥೆಯಾಯಿತು. ಮಾಲಗಣ್ಣಿನವರನ್ನು ಯಾರೂ ನೆನೆಯಲಿಲ್ಲ. ಎರಡು ಕಣ್ಣಿವೆ, ಕಾಣಿಸುತ್ತದೆ, ಮತ್ತೇನು ಕಷ್ಟ? ಅವರು ಗೇಟಿನ ಬಳಿ ನಿಂತು ಬಂದುಹೋಗುವವರನ್ನು, “ಒಂಚೂರು ಕಣ್ಣ ಕೊಡ್ರೀ” ಎಂದು ಕೇಳುವ ಪದ್ಧತಿ ಶುರುವಾಯಿತು. ಕೆಲವರು ಕೊಡುತ್ತಿದ್ದರು. ಕೆಲವರು ಗೊತ್ತಿಲ್ಲದವರಿಗೆ ಕಣ್ಣು ಕೊಡಬಾರದೆಂಬ ಫಲಕ ತೋರಿಸಿ ನಡೆಯುತ್ತಿದ್ದರು.

ಕಸ್ತೂರಿ ಟೀಚರು ಯಾರನ್ನೂ ಕೇಳಲಿಲ್ಲ. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ಹುಡುಗಿಯರ ತಂಡವನ್ನು ತಯಾರು ಮಾಡುತ್ತಿದ್ದ ಅವರು, ಮೈದಾನದ ಗೇಟಿಗೆ ಕಣ್ಣ ಕೀಲಿ ಬಿದ್ದ ಮರುದಿನ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಂಪೌಂಡು ಹಾರಿದರು. ಸೈರನ್ ಹೊಡೆದುಕೊಂಡಿತು. ಪೊಲೀಸರು ಬಂದರು. ಮಗ ಸಂಗಮೇಶ ಹೋಗಿ ಕರೆತಂದ.

“ಅವ್ವಾ, ಅರವತ್ತು ದಾಟಿದಾಕಿ ಗ್ವಾಡಿ ಹಾರೂದೇನ?”

“ಚೊಲೋ ಹಾರಿದೆ. ಕಾಲೇನ ಜಾರಲಿಲ್ಲ. ಅದನ್ನ ಯಾರೂ ಹೇಳಂಗಿಲ್ಲ.”

ಅಂದು ಸಂಜೆ ಅವರು ರೊಟ್ಟಿ ತಟ್ಟುತ್ತಿದ್ದರು. ಮಧುವಂತಿ ಆಸ್ಪತ್ರೆಯಿಂದ ಬಂದು, ಮಗಳು ಇಬ್ಬನಿಯ ಸಮವಸ್ತ್ರ ನೆನೆಹಾಕಿ, ಕಾಲು ಚಾಚಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ದಣಿದ ಸೊಸೆ ಹಾಗೆ ಕೂತರೆ ಅತ್ತೆ ಕೆಲಸ ಹೇಳುತ್ತಿರಲಿಲ್ಲ. ಅದು ಆ ಮನೆಯ ಒಪ್ಪಂದ.

“ಮಧು,” ಅಂದರು ಟೀಚರು, ಹಂಚಿನತ್ತ ನೋಡುತ್ತಾ. “ಆಪರೇಶನ್ ಮಾಡಸ್ಕೋತೀನಿ.”

ಮಧುವಂತಿ ನೆಟ್ಟಗೆ ಕೂತಳು.

“ಆದ್ರ ನೀ ಕೈ ಹಚ್ಚಬ್ಯಾಡ. ನಿಮ್ಮಲ್ಲಿ ಯಂತ್ರ ಐತೆಲ್ಲ, ಅದರ ಕಡಿಂದ ಮಾಡಸು.”

“ಅತ್ಯಾರ, ಆ ಭಾಷೆ ಇನ್ನೂ ಹಿಡಕೊಂಡ ಕೂತೀರೇನ್ರಿ? ಅವತ್ತ ನಗಾಕತ್ತಿದ್ದವ್ರಾಗ ಅರ್ಧ ಮಂದಿ ಈಗ ಇಲ್ಲ.”

“ನಗೂ ಮಂದಿಗೆ ಅಂಜಿ ಕೇಳಿದ್ದಲ್ಲವಾ ಅದು.” ರೊಟ್ಟಿ ಮಗುಚಿದರು. “ನನ್ನ ಚಿಗವ್ವನ ಸೊಸಿ ನರ್ಸ್ ಇದ್ಲು. ಒಂದ ಇಂಜೆಕ್ಶನ್ ಕೊಟ್ಲು, ಮೈಗೆ ಆಗಿಬರಲಿಲ್ಲ, ಚಿಗವ್ವನ ಕೈ ಸ್ವಾಧೀನ ತಪ್ಪಿತು. ಆ ಹುಡುಗಿದೇನೂ ತಪ್ಪಿರಲಿಲ್ಲ. ಖರೇ ಆ ಮನ್ಯಾಗ ಆಮ್ಯಾಲೆ ಯಾರೂ ಒಂದ ಪಂಕ್ತಿಗೆ ಕೂತು ಉಣ್ಣಲಿಲ್ಲ. ಕೆಟ್ರ ಯಂತ್ರ ಕೆಡಸ್ಲಿ. ಯಂತ್ರದ ಮ್ಯಾಲೆ ಸಿಟ್ಟ ಮಾಡ್ಕೊಂಡ ನಾ ಆರಾಮ ಇರ್ತೀನಿ. ನಿನ್ನ ಮ್ಯಾಲೆ ಸಿಟ್ಟ ಮಾಡ್ಕೊಂಡ ಈ ಮನ್ಯಾಗ ಹೆಂಗ ಇರ್ಲಿ?”

ಟೀಚರು ಬಿಸಿ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿ, “ಉಣ್ಣು, ಆರ್ತದ” ಅಂದರು.

ಆಸ್ಪತ್ರೆಯ ಯಂತ್ರಕ್ಕೆ ದೊಡ್ಡ ಹೆಸರೇನೋ ಇತ್ತು. ನರ್ಸುಗಳು ಅದನ್ನು ‘ಸಣ್ಣಕೈ’ ಎನ್ನುತ್ತಿದ್ದರು. ಜಡೆಪಿನ್ನಿನಷ್ಟು ತೆಳುವಾದ ಎರಡು ಉಕ್ಕಿನ ಕೈ, ಅವುಗಳ ಮೇಲೆ ಕಣ್ಣೊಳಗಿನ ನಕ್ಷೆಯನ್ನು ಕ್ಷಣಕ್ಷಣಕ್ಕೂ ಬರೆಯುವ ಬೆಳಕು. ಕಣ್ಣಿನ ಗುಡ್ಡೆಯನ್ನು ಆರು ಸ್ನಾಯುಗಳು ಹಿಡಿದಿರುತ್ತವೆ, ಡೇರೆಗೆ ಹಗ್ಗ ಕಟ್ಟಿದಂತೆ. ಮೂಗಿನ ಕಡೆಯ ಹಗ್ಗ ಹೆಚ್ಚು ಬಿಗಿಯಾದರೆ ಕಣ್ಣು ಒಳಕ್ಕೆ ವಾಲುತ್ತದೆ. ಆ ಸ್ನಾಯುವಿನ ತುದಿಯನ್ನು ಕೊಕ್ಕೆಯಿಂದ ಎತ್ತಿ, ಬಿಡಿಸಿ, ತುಸು ಹಿಂದಕ್ಕೆ ಹೊಲಿದರೆ ಹಗ್ಗ ಸಡಿಲುತ್ತದೆ, ಕಣ್ಣು ನೆಟ್ಟಗಾಗುತ್ತದೆ. ಸಣ್ಣಕೈ ಇದನ್ನು ಮಧುವಂತಿಗಿಂತ ಚೊಕ್ಕಟವಾಗಿ ಮಾಡುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಅವಳಿಗೇನೂ ಬೇಸರವಿರಲಿಲ್ಲ. ಕಣ್ಣ ಕೀಲಿ ಬಂದ ಮೇಲೆ ಮಾಲಗಣ್ಣಿನವರು ಆಸ್ಪತ್ರೆಯ ಮೆಟ್ಟಿಲ ತನಕ ಸಾಲು ಹಚ್ಚಿದ್ದರು. ಯಂತ್ರವಿಲ್ಲದಿದ್ದರೆ ಆ ಸಾಲು ಕರಗುತ್ತಿರಲಿಲ್ಲ.

ಯಂತ್ರದ ಜೊತೆಗೇ ಬಂದದ್ದು ಕೊರಳ ಪಟ್ಟಿ. ಕಣ್ಣಿನ ಸ್ನಾಯುವನ್ನು ಎಳೆದರೆ ಹೃದಯದ ಬಡಿತ ಇಳಿಯುತ್ತದೆ. ಕಣ್ಣಿನಿಂದ ಮಿದುಳಿಗೆ ಹೋದ ಸುದ್ದಿ ಅಲ್ಲಿಂದ ಕೊರಳ ನರದ ಗುಂಟ ಎದೆಗೆ ಇಳಿದು, ನಿಧಾನ ಮಾಡು ಎನ್ನುತ್ತದೆ. ಹಿಂದೆ ಅರಿವಳಿಕೆಯ ಡಾಕ್ಟರುಗಳಿಗೆ ಇದೊಂದು ಕಾಟವಾಗಿತ್ತು. ಕೊರಳಿಗೆ ಕಟ್ಟಿದ ಪಟ್ಟಿ ಆ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತಿತ್ತು. ಹೀಗಾಗಿ ಈಗ ನಾಡಿ ಮಿಸುಕುವುದೇ ಇಲ್ಲ. ಹೊಸ ಡಾಕ್ಟರುಗಳಿಗೆ ಇಂಥದೊಂದು ತೊಂದರೆ ಇತ್ತೆಂಬುದು ಪುಸ್ತಕದ ಮಾತು.

ಆಪರೇಶನ್ನಿನ ದಿನ ಮಧುವಂತಿ ಗಾಜಿನ ಆಚೆ, ಯಂತ್ರದ ನಿಯಂತ್ರಣ ಕೋಣೆಯಲ್ಲಿ ಕೂತಳು. ಒಳಗೆ ಅವಳ ಕೈಕೆಳಗೆ ಕಲಿಯುತ್ತಿದ್ದ ಡಾ. ಅಭಿನಂದನ ಯಂತ್ರದ ಪಕ್ಕ ನಿಂತಿದ್ದ. ತಲೆಯ ಹತ್ತಿರ ಅರಿವಳಿಕೆಯ ಡಾ. ಶಬ್ಬೀರ್ ಹೊಂಬಳ. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹಿರಿಯರು, ಪಾನ್ ಬಿಟ್ಟಾಗಿನಿಂದ ಲವಂಗ ಜಗಿಯುವವರು.

“ಟೀಚರ, ಹೆದರಿಕಿ ಐತೇನ್ರಿ?” ಎಂದು ಅವರು ಕೇಳಿದರು.

“ನನ್ನ ಕೈಯಾಗ ಆಡಿದ ಹುಡುಗ್ಯಾರಿಗೆ ಕೇಳ್ರಿ ಹೆದರಿಕಿ ಅಂದ್ರ ಏನಂತ,” ಅಂದರು ಟೀಚರು. ಗಾಜಿನತ್ತ ತಿರುಗಿ, “ಮಧು, ಅಲ್ಲೇ ಕೂಡು. ಗೆರಿ ದಾಟಬ್ಯಾಡ” ಎಂದು ಬೆರಳು ತೋರಿಸಿದರು. ಅಷ್ಟರಲ್ಲಿ ನಿದ್ದೆ ಅವರನ್ನು ಎಳೆದುಕೊಂಡಿತು.

ಮೊದಲಿನದೆಲ್ಲ ಸುಸೂತ್ರ. ಬಿಳಿಯ ಪದರ ಬಿಡಿಸಿ, ಕೊಕ್ಕೆ ಒಳನುಗ್ಗಿ, ಸ್ನಾಯುವನ್ನು ಎತ್ತಿತು. ಪರದೆಯ ಮೇಲೆ ಮಧುವಂತಿ ಅದನ್ನು ನೋಡಿದಳು. ಅರವತ್ತು ದಾಟಿದ ಸ್ನಾಯು. ಹುಟ್ಟಿದಾಗಿನಿಂದ ಬಿಗಿದೇ ಇದ್ದುದರಿಂದ ನವೆದಿತ್ತು, ಹಳೆಯ ಲಾಡಿಯ ಹಾಗೆ. ಯಂತ್ರ ಅದರ ವಯಸ್ಸಿಗೆ ತಕ್ಕ ಬಲವನ್ನೇ ಲೆಕ್ಕ ಹಾಕಿತ್ತು. ಆದರೆ ಕಸ್ತೂರಿ ಟೀಚರ ಮೈ ವಯಸ್ಸಿಗಿಂತ ಎಳೆಯದೆಂದು ಎಲ್ಲ ತಪಾಸಣೆಯೂ ಹೇಳಿತ್ತು, ಯಂತ್ರ ಅದನ್ನೂ ಗಣನೆಗೆ ತೆಗೆದುಕೊಂಡು ಎಳೆತವನ್ನು ತುಸು ಹೆಚ್ಚಿಸಿತ್ತು. ಮೈ ಎಳೆಯದಾಗಿದ್ದರೂ ಆ ಒಂದು ಸ್ನಾಯು ಎಳೆಯದಾಗಿರಲಿಲ್ಲ.

ಸ್ನಾಯು ನಡುವೆ ತುಂಡಾಯಿತು.

ಸದ್ದೇನೂ ಬರಲಿಲ್ಲ. ಕೊಕ್ಕೆಯ ಮೇಲೆ ಬಿಳಿಯ ತುದಿಯೊಂದು ಉಳಿಯಿತು. ಇನ್ನರ್ಧ ಕಣ್ಣಿನ ಹಿಂದಿನ ಕತ್ತಲೆಗೆ ಸರ್ರನೆ ಸರಿದುಹೋಯಿತು. ರಕ್ತ ಜಿನುಗಿತು. ಸಣ್ಣಕೈಯ ನಕ್ಷೆ ಕಲಸಿಹೋಯಿತು. ಎರಡೂ ಉಕ್ಕಿನ ಕೈಗಳು ಹಿಂದೆ ಸರಿದು ನಿಂತವು. ಕಾಣದ್ದನ್ನು ಮುಟ್ಟಬಾರದು ಎಂಬುದು ಅದಕ್ಕೆ ಹಾಕಿಕೊಟ್ಟ ಕಟ್ಟಳೆ, ಒಳ್ಳೆಯ ಕಟ್ಟಳೆಯೇ.

ಅಭಿನಂದನ ಚಿಮಟ ತೆಗೆದುಕೊಂಡ. ಗುಡ್ಡೆಯನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ಇಣುಕಲು ಹೊರಟ.

“ಅಭಿ, ಬಿಡು,” ಎಂದಳು ಮಧುವಂತಿ ಮೈಕಿನಲ್ಲಿ. “ಏನೂ ಹಿಡೀಬ್ಯಾಡ. ಕಣ್ಣ ಎಳೀಬ್ಯಾಡ. ಕೊಬ್ಬಿನ ಪದರ ಹರಿದ್ರ ಆಮ್ಯಾಲೆ ದೇವ್ರು ಬಂದ್ರೂ ಹುಡುಕಾಕ ಆಗಂಗಿಲ್ಲ. ತಣ್ಣನ ಸಲೈನಿನ ಹತ್ತಿ ಇಡು, ಒತ್ತಿ ಹಿಡಿ, ಸುಮ್ನ ನಿಲ್ಲು.”

“ಮೇಡಂ, ಸ್ನಾಯು ಸಿಗದಿದ್ರ?”

ಸಿಗದಿದ್ದರೆ ಏನೆಂದು ಅವಳಿಗೆ ಗೊತ್ತಿತ್ತು. ಒಳಗೆಳೆಯುವ ಹಗ್ಗವೇ ಇಲ್ಲದ ಕಣ್ಣು ಕಿವಿಯ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ. ಒಂದೇ ವಸ್ತು ಎರಡಾಗಿ ಕಾಣುತ್ತದೆ. ಯಾವ ಗೇಟೂ ಇನ್ನೆಂದೂ ತೆರೆಯುವುದಿಲ್ಲ. ಸರದಿ ಹಾಕಿಕೊಂಡಾದರೂ ದುಡಿಯುತ್ತಿದ್ದ ಎರಡು ಕಣ್ಣನ್ನು ಕೆಡಿಸಿದಂತಾಗುತ್ತದೆ.

ಅವಳು ಎದ್ದು ನಲ್ಲಿಯ ಕೆಳಗೆ ಮೊಳಕೈ ತನಕ ಕೈ ತೊಳೆದಳು. ತೊಳೆಯುವಾಗ ಭಾಷೆ ನೆನಪಾಯಿತು. ಹೆಚ್ಚು ಹೊತ್ತು ನೆನಪಿನಲ್ಲಿ ನಿಲ್ಲಲಿಲ್ಲ. ಬೆರಳಿನ ಸಂದಿಗಳನ್ನು ಉಜ್ಜುವುದಿತ್ತು. ಬೇರೆ ಊರಿನಿಂದ ಇನ್ನೊಬ್ಬ ಡಾಕ್ಟರನ್ನು ಕರೆಸುವಷ್ಟರಲ್ಲಿ ಸ್ನಾಯು ಇನ್ನಷ್ಟು ಹಿಂದೆ ಸರಿದು ಅಂಟಿಕೊಳ್ಳುತ್ತದೆ. ಈ ಊರಿನಲ್ಲಿ ಕಳೆದುಹೋದ ಸ್ನಾಯುವನ್ನು ಕೈಯಿಂದ ಹುಡುಕಿದ್ದವಳು ಅವಳೊಬ್ಬಳೇ. ಇದರಲ್ಲಿ ಯೋಚಿಸುವುದೇನಿದೆ ಎಂದುಕೊಂಡು ಒಳಗೆ ಬಂದಳು.

ಹತ್ತಿ ತೆಗೆದಳು. ಗುಡ್ಡೆಯನ್ನು ತಾನಾಗಿ ನಡುವಿಗೆ ಬರಲು ಬಿಟ್ಟಳು. ಹೊಸಬರು ಇಂಥ ಹೊತ್ತಿನಲ್ಲಿ ಗುಡ್ಡೆಯ ಬೆನ್ನು ಹತ್ತಿ ಹುಡುಕುತ್ತಾರೆ, ಸ್ನಾಯು ಅಲ್ಲಿರುವುದಿಲ್ಲ. ಅದು ಮೂಗಿನ ಎಲುಬಿನ ಗುಂಟ, ತನ್ನದೇ ಚೀಲದೊಳಗೆ ಸೇರಿಕೊಂಡಿರುತ್ತದೆ. ಸಣ್ಣ ಉಕ್ಕಿನ ಪಟ್ಟಿಗಳಿಂದ ಆ ಕಡೆ ಅಗಲಿಸಿ, ದೀಪ ಬಗ್ಗಿಸಿ, ಉಸಿರು ಬಿಗಿ ಹಿಡಿದು ನೋಡಿದಳು. ಬೆಳ್ಳಗಿನ ಮೂರು ತುಣುಕು ಕಂಡವು. ಮೂರೂ ಒಂದೇ ಥರ. ಒಂದು ಸ್ನಾಯು. ಉಳಿದವು ಚೀಲದ ಚೂರೋ, ಕೊಬ್ಬಿನ ಮುಸುಕೋ. ತಪ್ಪಾದದ್ದನ್ನು ಹೊಲಿದರೆ ಕಣ್ಣು ಅಲ್ಲೇ ಕಚ್ಚಿಕೊಳ್ಳುತ್ತದೆ, ಅದು ಇನ್ನೂ ಕೆಡುಕು.

“ಸಣ್ಣಕೈಗೆ ತೋರಸೂಣೇನ್ರಿ?” ಎಂದ ಅಭಿನಂದನ.

“ತೋರಸು.”

ಯಂತ್ರ ಮೂರನ್ನೂ ದಿಟ್ಟಿಸಿ, ಮೂರರ ಮೇಲೂ ಹಳದಿ ಪ್ರಶ್ನೆಯ ಗುರುತು ಹಾಕಿತು.

ಮಧುವಂತಿ ತಲೆ ಎತ್ತಿದಳು. “ಶಬ್ಬೀರ್ ಸರ್, ಕೊರಳ ಪಟ್ಟಿ ಬಂದ್ ಮಾಡ್ರಿ.”

ಲವಂಗ ಜಗಿಯುವುದು ನಿಂತಿತು. “ಯಾಕವಾ?”

“ಒಂದೊಂದ ತುಣಕ ಹಿಡಿದು ಎಳೀತೀನಿ. ಯಾವುದನ್ನ ಎಳದಾಗ ನಾಡಿ ಇಳೀತದ, ಅದು ಸ್ನಾಯು. ಕೊಬ್ಬ ಎಳದ್ರ ಎದಿಗೇನೂ ಗೊತ್ತಾಗೂದಿಲ್ಲ.”

“ಅಲ್ಲವಾ, ಆಟಗಾರರ ನಾಡಿ ಇದು. ಮೊದಲ ಆಮಿ ನಡಿಗಿ. ಇದನ್ನ ಇನ್ನೂ ಇಳಿಸಿದ್ರ ನಿಂತ ಬಿಟ್ಟೀತು.”

“ಎಳದು ಬಿಡ್ತೀನ್ರಿ. ಬಿಟ್ಟ ಕೂಡ್ಲೆ ಏರತದ. ನೀವ ಕಲಿಸಿದ್ದು, ಈ ಪಟ್ಟಿ ಬರೋಕಿಂತ ಮೊದ್ಲ. ನಾಡಿ ಏರಸೂ ಔಷಧ ಸಿರಿಂಜಿನ್ಯಾಗ ತುಂಬಿ ಕೈಯಾಗ ಹಿಡಕೊಂಡ ನಿಲ್ರಿ. ನೀವು ಬಿಡು ಅಂದ್ರ ನಾ ಬಿಡ್ತೀನಿ.”

ಶಬ್ಬೀರ್ ಸಿರಿಂಜು ತುಂಬಿದರು. “ನಾವಿಬ್ರೂ ಹಳಬ್ರಾದ್ವಿ ನೋಡು,” ಎನ್ನುತ್ತಾ ಪಟ್ಟಿಯ ಗುಂಡಿ ಒತ್ತಿದರು. ಅದರ ನೀಲಿ ದೀಪ ಆರಿತು. ಗಾಜಿನಾಚೆ ಯಂತ್ರದ ಪರದೆ ಕೆಂಪಾಗಿ, ಇದು ನಿಯಮದಲ್ಲಿಲ್ಲ ಎಂದು ಬಡಿದುಕೊಂಡಿತು. ಪಟ್ಟಿ ಬಂದ ಮೇಲೆ ಹುಟ್ಟಿದ ಯಂತ್ರ. ಸ್ನಾಯು ಎಳೆದಾಗ ನಾಡಿ ಇಳಿಯುವುದನ್ನು ಅದು ಒಮ್ಮೆಯೂ ಕಂಡಿರಲಿಲ್ಲ. ಕಾಣದ ಗುರುತನ್ನು ಕಲಿಯುವುದಾದರೂ ಹೇಗೆ? ಅಭಿನಂದನ ಅದರ ಬಾಯಿ ಮುಚ್ಚಿಸಿದ.

ಮೊದಲ ತುಣುಕು. ಮೆಲ್ಲಗೆ ಎಳೆದಳು. ನಾಡಿಯ ಸದ್ದು ಹಾಗೇ ನಡೆಯಿತು, ಟಿಕ್, ಟಿಕ್, ಬೆಳಗಿನ ವಾಕಿಂಗಿಗೆ ಹೊರಟಂತೆ. ಚೀಲದ ಚೂರು. ಬಿಟ್ಟಳು.

ಎರಡನೆಯದು. ಏನೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಆಳದಲ್ಲಿತ್ತು. ಚಿಮಟದ ತುದಿ ಅದನ್ನು ಕಚ್ಚಲು ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಎಳೆದಳು.

ಟಿಕ್.

ಕೋಣೆಯಲ್ಲಿ ಎಲ್ಲರೂ ಮುಂದಿನದಕ್ಕೆ ಕಾದರು. ಅದು ಬರಲಿಲ್ಲ. ಹಚ್ಚಿಟ್ಟ ದೀಪದ ಬೆಳಕು, ಒದ್ದೆ ಹತ್ತಿ, ಅಭಿನಂದನನ ಎತ್ತಿದ ಹುಬ್ಬು, ಎಲ್ಲವೂ ನಿಂತಲ್ಲೇ ನಿಂತಂತೆ ಅವಳಿಗೆ ಅನಿಸಿತು. ಆಮೇಲೆ, ಬಹಳ ತಡವಾಗಿ, ಟಿಕ್.

“ಬಿಡು!” ಎಂದರು ಶಬ್ಬೀರ್.

ಎಳೆತ ಬಿಟ್ಟಳು, ಚಿಮಟ ಬಿಡಲಿಲ್ಲ. ಸಡಿಲಾಗಿ ಹಿಡಿದೇ ಇದ್ದಳು. ಟಿಕ್. ಟಿಕ್, ಟಿಕ್. ನಾಡಿ ಮರಳಿ ತನ್ನ ನಡಿಗೆಗೆ ಬಂತು.

“ಇದ ಅದ,” ಎಂದಳು. “ಅಭಿ, ಸೂಜಿ ಕೊಡು. ಇನ್ನೊಂದ ಸರ್ತಿ ಎಳೀಬೇಕಾಗ್ತದ ಸರ್, ಸೂಜಿ ದಾಟೂತನಕ.”

“ಬಿಸ್ಮಿಲ್ಲಾ ಅನ್ನು, ಎಳಿ.”

ಎಳೆದಳು. ನಾಡಿ ಮತ್ತೆ ಬಾವಿಗಿಳಿಯಿತು. ಸೂಜಿ ಸ್ನಾಯುವಿನ ಒಂದು ಅಂಚಿನಿಂದ ಹೊಕ್ಕು ಇನ್ನೊಂದು ಅಂಚಿಗೆ ಹೊರಬಿತ್ತು. ದಾರ ಬಿಗಿದಳು, ಬಿಟ್ಟಳು. ಈಗ ಸ್ನಾಯು ದಾರದ ತುದಿಯಲ್ಲಿತ್ತು, ಇನ್ನು ಅದು ಎಲ್ಲಿಗೂ ಹೋಗಲಾರದು. ಶಬ್ಬೀರ್ ಹಣೆ ಒರೆಸಿಕೊಂಡು ಪಟ್ಟಿಯ ದೀಪ ಹಚ್ಚಿದರು. ಸಿರಿಂಜು ತುಂಬಿದ್ದು ತುಂಬಿದ ಹಾಗೇ ಇತ್ತು.

“ಮೇಡಂ,” ಎಂದ ಅಭಿನಂದನ, “ಈಗ ನಕ್ಷೆ ಬಂತು. ಉಳಿದ ಹೊಲಿಗಿ ಸಣ್ಣಕೈ ಹಾಕ್ತದ. ನಿಮ್ಮ ಭಾಷೆ ಅರ್ಧರೆ ಉಳೀತದ.”

ಮುಖಗವಸಿನೊಳಗೆ ಮಧುವಂತಿ ನಕ್ಕಳು. “ಅರ್ಧ ಭಾಷೆ ಅಂತ ಇರ್ತದೇನಪಾ? ಆ ದಾರದ ತುದಿ ಇತ್ತ ಕೊಡು.”

ನವೆದ ಅಂಚನ್ನು ಬಿಟ್ಟು, ಗಟ್ಟಿ ಭಾಗ ನೋಡಿ, ಎಷ್ಟು ಹಿಂದಕ್ಕೆ ಇಡಬೇಕೋ ಅಷ್ಟೇ ಹಿಂದಕ್ಕೆ ಗುಡ್ಡೆಗೆ ಹೊಲಿದಳು. ಕೊನೆಯ ಗಂಟು ಹಾಕುವಾಗ ಬೆನ್ನು ನೋಯುತ್ತಿತ್ತು.

ಮರುದಿನ ವಾರ್ಡಿನಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದರು. ಸಂಗಮೇಶ ಮಂಚದ ಕಾಲ್ದೆಸೆಯಲ್ಲಿ, ಇಬ್ಬನಿ ಅಜ್ಜಿಯ ತೊಡೆಗೆ ಅಂಟಿಕೊಂಡು ನಿಂತಿದ್ದರು. ಬಲಗಣ್ಣು ದಾಸವಾಳದಷ್ಟು ಕೆಂಪಾಗಿತ್ತು, ನೆಟ್ಟಗೂ ಇತ್ತು. ಮಧುವಂತಿ ಸಣ್ಣ ದೀಪ ಹಿಡಿದು ಮೂಗಿನ ಹತ್ತಿರ ತಂದಳು. ಎಡಗಣ್ಣು ಬಂತು. ಅದರ ಜೊತೆಗೆ, ಒಂದಿಷ್ಟು ತಡವರಿಸಿ, ಬಲಗಣ್ಣೂ ಬಂತು. ಸ್ನಾಯು ಹಿಡಿದಿತ್ತು.

“ಅಜ್ಜೀ, ಈಗ ನೀ ನನ್ನೊಬ್ಬಾಕಿನ್ನ ನೋಡಾಕತ್ತಿ!” ಎಂದಳು ಇಬ್ಬನಿ.

“ಹೌದವಾ. ಇನ್ನ ಆ ಹುಡುಗ್ಯಾರು ನನಗ ಅಂಜೂದು ಮುಗೀತು.” ಟೀಚರು ಕನ್ನಡಿ ತರಿಸಿ ಬಹಳ ಹೊತ್ತು ನೋಡಿಕೊಂಡರು. ಯಾರದೋ ಮುಖ ನೋಡಿದಂತೆ ನೋಡಿದರು. ಆಮೇಲೆ, “ಯಂತ್ರ ಚೊಲೋ ಮಾಡೇತಿ ಬಿಡು. ಅದಕ್ಕ ಪೇಢಾ ತಿನ್ನಾಕ ಬಾಯಿ ಇಲ್ಲಲ್ಲ, ಪಾಪ” ಎಂದರು.

ಅಭಿನಂದನ ಕಿಟಕಿಯ ಆಚೆ ನೋಡಿದ. ಶಬ್ಬೀರ್ ಲವಂಗ ಹುಡುಕಿದರು. ಮಧುವಂತಿ ಹೌದೆಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ.

“ಅತ್ಯಾರ,” ಎಂದಳು ಮಧುವಂತಿ, “ಸ್ನಾಯು ನಡುವ ಹರೀತು. ಯಂತ್ರ ಹಿಂದ ಸರೀತು. ನಾ ಒಳಗ ಬಂದು ಹುಡುಕಿ ಹೊಲದೆ. ಹುಡುಕಾಕ ನಿಮ್ಮ ನಾಡಿನೂ ಇಳಿಸಬೇಕಾತು. ಒಂದೀಟ ಹೊತ್ತು ನಿಮ್ಮ ಎದಿ ಬಡಿಯೂದು ಬಿಟ್ಟಿತ್ತು.”

ಸಂಗಮೇಶ ಹೆಂಡತಿಯ ಮುಖವನ್ನೂ ತಾಯಿಯ ಮುಖವನ್ನೂ ನೋಡಿದ. ಇಬ್ಬನಿ ಏನೂ ತಿಳಿಯದೆ ಅಜ್ಜಿಯ ಬಳೆ ತಿರುಗಿಸುತ್ತಿದ್ದಳು.

ಟೀಚರು ಕನ್ನಡಿ ಕೆಳಗಿಟ್ಟರು. ಎರಡೂ ಕಣ್ಣಿನಿಂದ, ಒಟ್ಟಿಗೆ, ಜೀವಮಾನದಲ್ಲಿ ಮೊದಲ ಬಾರಿಗೆ ಸೊಸೆಯನ್ನು ದಿಟ್ಟಿಸಿದರು. ಮಧುವಂತಿಗೆ ಆ ನೋಟ ತಡೆದುಕೊಳ್ಳುವುದು ಕಷ್ಟವಾಯಿತು. ಇಷ್ಟು ವರ್ಷ ತಪ್ಪಿಸಿಕೊಳ್ಳಲು ಒಂದು ಸಂದಿಯಾದರೂ ಇರುತ್ತಿತ್ತು.

“ನೀ ಕೈ ಹಚ್ಚಿದ್ದಕ್ಕ ಸಿಕ್ತೇನ?” ಎಂದರು.

“ಹೂಂನ್ರಿ.”

“ಬಿಟ್ಟಿದ್ರ?”

“ಕಣ್ಣ ಹೋಗ್ತಿತ್ರಿ.”

“ಅಂಜಿದ್ದೇನ?”

“ಅಂಜಾಕ ಪುರಸೊತ್ತ ಇರಲಿಲ್ರಿ.”

ದಿಂಬಿಗೆ ಒರಗಿದ್ದ ಟೀಚರು ನೆಟ್ಟಗೆ ಕೂತರು. “ಕೇಳ್ರಿ ಎಲ್ಲಾರು,” ಎಂದರು ಆಮೇಲೆ, ಮೈದಾನದ ದನಿಯಲ್ಲಿ. ಪಕ್ಕದ ಮಂಚದ ರೋಗಿ ಎದ್ದು ಕೂತ. “ಈಕಿ ಗೆರಿ ದಾಟ್ಯಾಳ. ಇಲ್ಲ, ಯಂತ್ರ ನಿಂತಿತ್ತು, ಪಾಪ, ಬ್ಯಾರೆ ದಾರಿ ಇರಲಿಲ್ಲ ಅಂತ ಯಾರೂ ವಕೀಲಿ ಮಾಡಬ್ಯಾಡ್ರಿ. ಗೆರಿ ದಾಟಿದ್ದು ದಾಟಿದ್ದಽ. ಸಂಗ್ಯಾ, ಪೇಢಾ ತಗೊಂಬಾ. ಈಕಿಗೆ ಬಾಯಿ ಐತಿ.”

ಕಣ್ಣಿನ ಕೆಂಪು ಇಳಿದ ಮೇಲೆ ಮೈದಾನದ ಗೇಟಿನ ಹಸಿರು ಚುಕ್ಕೆ ಅವರನ್ನು ಎರಡು ಸಲ ತಿರಸ್ಕರಿಸಿ, ಮೂರನೆಯ ಸಲ ಒಳಗೆ ಬಿಟ್ಟಿತು. ಒಳಗೆ ಹೋಗುತ್ತಲೇ ಅವರು ಸಾಲಿನ ಕೊನೆಯ ಹುಡುಗಿಯನ್ನು ಹೆಸರು ಹಿಡಿದು ಬೈದರು.

ಮಧುವಂತಿ ನಿಶ್ಚಯದ ದಿನ ಕೊಟ್ಟ ಭಾಷೆ ಮುರಿದಿತ್ತು, ಆದರೂ ಆ ರಾತ್ರಿ ಅತ್ತೆ ಸೊಸೆ ಒಂದೇ ಪಂಕ್ತಿಗೆ ಕೂತು ಉಂಡರು.